ಐದರಲ್ಲಿ ಎಷ್ಟು? ಪುಸ್ತಕಗಳಿಗೆ ನಾನು ಸ್ಟಾರ್ ಕೊಡುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಪುಸ್ತಕದ ಬಗ್ಗೆ ನಾಲ್ಕು ಪುಟ ಬರೆದರೂ ಓದುಗರ ಕಣ್ಣು ಮೊದಲು ಹೋಗುವುದು ಮೇಲಿರುವ ಸ್ಟಾರ್‌ಗಳ ಕಡೆಗೇ. ಅದರಲ್ಲಿ ತಪ್ಪೇನಿಲ್ಲ, ಬೇರೆಯವರ ವಿಮರ್ಶೆ ಓದಲು ಕೂತಾಗ ನಾನು ಮಾಡುವುದೂ ಅದನ್ನೇ. ಆದರೆ "ಇಷ್ಟೆಲ್ಲ ಹೊಗಳಿ ಮೂರೇ ಸ್ಟಾರಾ?" ಎಂದು ಕೇಳುವವರು, "ನಾನು ತಲೆಯ ಮೇಲಿಟ್ಟುಕೊಂಡ ಪುಸ್ತಕಕ್ಕೆ ಎರಡು ಕೊಡಲು ನಿಮಗೆ ಮನಸ್ಸಾದರೂ ಹೇಗೆ ಬಂತು?" ಎಂದು ಬೇಸರಪಡುವವರು ತಿಂಗಳಿಗೆ ಒಂದಿಬ್ಬರಾದರೂ ಸಿಗುತ್ತಾರೆ. ಅವರಿಗೆಲ್ಲ ಬಿಡಿಬಿಡಿಯಾಗಿ ಕೊಟ್ಟ ಉತ್ತರಗಳನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ.

ಸ್ಟಾರ್ ಕೊಡುವಾಗ ನೀವು ಅಳೆಯುವುದು ಏನನ್ನು?

ಆ ಪುಸ್ತಕ ಓದುವಾಗ ನನಗೆ ಏನಾಯಿತು ಎನ್ನುವುದನ್ನು. ಪುಸ್ತಕದ ಯೋಗ್ಯತೆಯನ್ನು ತೂಗುವ ತಕ್ಕಡಿ ನನ್ನ ಬಳಿ ಇಲ್ಲ, ಯಾರ ಬಳಿಯೂ ಇದ್ದಂತಿಲ್ಲ. ಒಂದು ಕಾದಂಬರಿ ಇನ್ನೂರು ವರ್ಷ ಬಾಳುತ್ತದೋ, ಮುಂದಿನ ಮಳೆಗಾಲದ ಹೊತ್ತಿಗೆ ಮರೆತುಹೋಗುತ್ತದೋ ಎಂದು ಹೇಳಲು ನಾನು ಯಾರು? ಆದರೆ 140ನೆಯ ಪುಟದಲ್ಲಿ ದೀಪ ಆರಿಸಲು ಮನಸ್ಸಾಗಲಿಲ್ಲ ಎಂದು ನಾನು ಹೇಳಿದರೆ ಅದನ್ನು ಯಾರೂ ಸುಳ್ಳೆನ್ನಲಾಗದು. ನನಗೆ ಖಚಿತವಾಗಿ ಗೊತ್ತಿರುವುದು ಅಷ್ಟೇ, ಸ್ಟಾರ್ ಹೇಳುವುದೂ ಅಷ್ಟನ್ನೇ.

ಕಥೆಯ ಕಟ್ಟು ಹೇಗಿದೆ, ಭಾಷೆಯ ಹದ ಎಲ್ಲಿ ಕೆಟ್ಟಿತು, ಲೇಖಕರು ಏನು ಮಾಡಹೊರಟು ಎಷ್ಟರಮಟ್ಟಿಗೆ ಮಾಡಿದರು, ಇವನ್ನೆಲ್ಲ ಹೇಳಲು ವಿಮರ್ಶೆಯ ವಾಕ್ಯಗಳಿವೆ. ಅಲ್ಲಿ ನಾನು ಕಾರಣ ಕೊಡಬೇಕು, ಪುಟ ತೋರಿಸಬೇಕು, ನೀವು ವಾದ ಮಾಡಿದರೆ ಕೇಳಬೇಕು. ಸ್ಟಾರ್ ವಾದಕ್ಕೆ ಒಳಗಾಗುವ ವಸ್ತುವೇ ಅಲ್ಲ.

ಹಾಗಾದರೆ ಒಂದರಿಂದ ಐದರವರೆಗೆ ಯಾವುದರ ಅರ್ಥ ಏನು?

ಐದು ಎಂದರೆ ಈ ಪುಸ್ತಕಕ್ಕೆ ನಾನು ಮತ್ತೆ ಮರಳುತ್ತೇನೆ, ಮರಳದೆ ಇರಲಾರೆ. ನಾಲ್ಕು ಎಂದರೆ ಇದನ್ನು ಯಾರ ಕೈಗಾದರೂ ಇಡಬೇಕೆಂದು ಅನಿಸಿತು, ಯಾರ ಕೈಗೆ ಎನ್ನುವುದೂ ಓದುತ್ತಿರುವಾಗಲೇ ಹೊಳೆಯಿತು. ಮೂರು ಎಂದರೆ ಓದಿದ್ದಕ್ಕೆ ಸಂತೋಷ, ಕಳೆದ ಹೊತ್ತು ದಂಡವಾಗಲಿಲ್ಲ. ಎರಡು ಎಂದರೆ ಅಲ್ಲಲ್ಲಿ ಜೀವವಿತ್ತು, ಆದರೆ ಕೊನೆ ಮುಟ್ಟಿಸಿದ್ದು ನನ್ನ ಹಟ. ಒಂದು ಎಂದರೆ ಇದನ್ನು ಓದದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತಿದೆ.

ಗಮನಿಸಿ, ಐದರಲ್ಲಿ ಎಲ್ಲಿಯೂ "ಶ್ರೇಷ್ಠ", "ಕಳಪೆ" ಎಂಬ ಮಾತಿಲ್ಲ. ಎಲ್ಲವೂ ನಾನು ಏನು ಮಾಡಿದೆ, ಏನು ಮಾಡುತ್ತೇನೆ ಎನ್ನುವುದರ ಲೆಕ್ಕ. ಇದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡದ್ದರಿಂದ ನನಗೆ ಆದ ದೊಡ್ಡ ಉಪಕಾರವೆಂದರೆ, ಹಿಂದಿನ ವರ್ಷದ ನಾಲ್ಕಕ್ಕೂ ಈ ವರ್ಷದ ನಾಲ್ಕಕ್ಕೂ ಒಂದೇ ಅರ್ಥ ಉಳಿದಿದೆ. ಕೋಲು ದಿನಕ್ಕೊಂದು ಉದ್ದವಾದರೆ ಬಟ್ಟೆ ಅಳೆದು ಏನು ಪ್ರಯೋಜನ?

ಮೂರು ಸ್ಟಾರ್ ಅಂದರೆ ಪುಸ್ತಕ ಅಷ್ಟಕ್ಕಷ್ಟೇ ಅಂತಲ್ಲವೆ?

ಅಲ್ಲ. ನನ್ನ ಮಟ್ಟಿಗೆ ಅದು ಮೆಚ್ಚುಗೆ. ನಾನು ಅತಿ ಹೆಚ್ಚು ಕೊಡುವುದೂ ಅದನ್ನೇ, ಏಕೆಂದರೆ ನಾನು ಓದುವ ಹೆಚ್ಚಿನ ಪುಸ್ತಕಗಳು ಶ್ರದ್ಧೆಯಿಂದ ಬರೆದ, ಓದಿದ್ದು ಸಾರ್ಥಕವಾಯಿತು ಎನಿಸುವ ಪುಸ್ತಕಗಳು. ಅವುಗಳಿಗೆಲ್ಲ ಐದು ಕೊಟ್ಟುಬಿಟ್ಟರೆ ನಿದ್ದೆಗೆಡಿಸಿದ ಆ ಒಂದೆರಡಕ್ಕೆ ಕೊಡಲು ನನ್ನ ಹತ್ತಿರ ಏನು ಉಳಿಯುತ್ತದೆ?

ಈ ಗೊಂದಲ ಸುಮ್ಮನೆ ಹುಟ್ಟಿದ್ದಲ್ಲ. ಓದುಗರು ಪುಸ್ತಕಗಳಿಗೆ ಸ್ಟಾರ್ ಕೊಟ್ಟು ವಿಮರ್ಶೆ ಬರೆಯುವ ಜಾಲತಾಣ ಗುಡ್‌ರೀಡ್ಸ್‌ನಲ್ಲಿ ಪ್ರತಿ ಸ್ಟಾರ್‌ಗೂ ಒಂದು ಮಾತು ಜೋಡಿಸಿದ್ದಾರೆ. ಒಂದಕ್ಕೆ ಇಷ್ಟವಾಗಲಿಲ್ಲ, ಎರಡಕ್ಕೆ ಪರವಾಗಿಲ್ಲ, ಮೂರಕ್ಕೆ ಇಷ್ಟವಾಯಿತು, ನಾಲ್ಕಕ್ಕೆ ತುಂಬಾ ಇಷ್ಟವಾಯಿತು, ಐದಕ್ಕೆ ಅದ್ಭುತ ಎಂಬರ್ಥದ ಮಾತುಗಳು. ಅಂದರೆ ಅಲ್ಲಿ ಎರಡು ಸ್ಟಾರ್ ಕೂಡ ಬೈಗುಳವಲ್ಲ. ಅಮೆಜಾನ್‌ನಲ್ಲಿ ವಿಮರ್ಶೆಗಳನ್ನು ವಿಂಗಡಿಸಿ ನೋಡಿದರೆ ನಾಲ್ಕು, ಐದು ಮೆಚ್ಚುಗೆಯ ಪಾಲಿಗೆ ಹೋಗುತ್ತವೆ, ಮೂರು ಟೀಕೆಯ ಸಾಲಿಗೆ ಸೇರುತ್ತದೆ. 2013ರಲ್ಲಿ ಗುಡ್‌ರೀಡ್ಸ್ ಅನ್ನು ಕೊಂಡದ್ದು ಇದೇ ಅಮೆಜಾನ್. ಮಾಲೀಕರು ಒಬ್ಬರೇ, ಅಂಕಿಯೂ ಒಂದೇ, ಒಂದು ಕಡೆ ಅದು "ಇಷ್ಟವಾಯಿತು", ಇನ್ನೊಂದು ಕಡೆ ದೂರು. ಓದುಗರು ಗಲಿಬಿಲಿಗೊಂಡರೆ ಅವರನ್ನು ಹೇಗೆ ದೂರುವುದು? ಅದಕ್ಕೇ ನಾನು ಮೂರು ಕೊಟ್ಟಾಗಲೆಲ್ಲ ವಿಮರ್ಶೆಯ ಮೊದಲ ವಾಕ್ಯದಲ್ಲೇ ನನಗೆ ಇಷ್ಟವಾದದ್ದನ್ನು ಬರೆಯುತ್ತೇನೆ.

ಈ ಸ್ಟಾರ್ ಪದ್ಧತಿ ಎಲ್ಲಿಂದ ಬಂತು?

ಪ್ರವಾಸದಿಂದ. ನನಗೆ ಬಹಳ ಪ್ರಿಯವಾದ ಕಥೆ ಇದು, ಸ್ವಲ್ಪ ಉದ್ದವಾದರೂ ಹೇಳುತ್ತೇನೆ.

19ನೆಯ ಶತಮಾನದ ಆರಂಭದಲ್ಲಿ ಮರಿಯಾನಾ ಸ್ಟಾರ್ಕ್ ಎಂಬ ಇಂಗ್ಲಿಷ್ ಲೇಖಕಿ ಯುರೋಪ್ ನೋಡಹೊರಟವರಿಗಾಗಿ ಕೈಪಿಡಿಗಳನ್ನು ಬರೆದರು. ಇಟಲಿಯ ಚಿತ್ರಗಳು, ಶಿಲ್ಪಗಳಲ್ಲಿ ಯಾವುದನ್ನು ತಪ್ಪದೆ ನೋಡಬೇಕು ಎಂದು ತಿಳಿಸಲು ಅವರು ಬಳಸಿದ್ದು ಆಶ್ಚರ್ಯಸೂಚಕ ಚಿಹ್ನೆ. ಚೆನ್ನಾಗಿರುವುದಕ್ಕೆ ಒಂದು, ಇನ್ನೂ ಚೆನ್ನಾಗಿರುವುದಕ್ಕೆ ಎರಡು, ಮೂರು, ಹೀಗೆ. ಒಂದು ಚಿತ್ರದ ಮುಂದೆ ನಿಂತಾಗ ಬಾಯಿಂದ ಹೊರಟ "ಆಹಾ"ವನ್ನೇ ಅವರು ಎಣಿಸಿಟ್ಟರು! ಶತಮಾನದ ನಡುವಿನ ಹೊತ್ತಿಗೆ ಜರ್ಮನಿಯ ಬೇಡೆಕರ್ ಕೈಪಿಡಿಗಳಲ್ಲಿ ನಕ್ಷತ್ರದ ಗುರುತು ಬಂತು. ಫ್ರಾನ್ಸಿನ ಮಿಷಲಿನ್ ಕೈಪಿಡಿ 1926ರಲ್ಲಿ ಹೋಟೆಲುಗಳ ಊಟಕ್ಕೆ ಒಂದು ಸ್ಟಾರ್ ಕೊಡತೊಡಗಿತು, 1931ರಲ್ಲಿ ಅದು ಒಂದು, ಎರಡು, ಮೂರು ಎಂಬ ಮೆಟ್ಟಿಲಾಯಿತು. ಅಲ್ಲಿ ಎರಡು ಸ್ಟಾರ್ ಎಂದರೆ ದಾರಿ ಬಳಸಿಯಾದರೂ ಹೋಗಿ ಉಣ್ಣಬೇಕಾದದ್ದು. ಮೂರು ಎಂದರೆ ಅದಕ್ಕೆಂದೇ ಪ್ರಯಾಣ ಹೊರಡಬೇಕಾದದ್ದು.

ಸಾಹಿತ್ಯಕ್ಕೂ ಇದು ಬೇಗನೇ ಬಂತು. ಅಮೆರಿಕದ ಪತ್ರಿಕೆಗಳಲ್ಲಿ ಬಂದ ವರ್ಷದ ಸಣ್ಣಕಥೆಗಳನ್ನೆಲ್ಲ ಓದಿ 1915ರಿಂದ ಸಂಕಲನ ತರತೊಡಗಿದ ಎಡ್ವರ್ಡ್ ಓಬ್ರಿಯನ್, ತಮಗೆ ಮುಖ್ಯವೆನಿಸಿದ ಕಥೆಗಳ ಹೆಸರಿನ ಪಕ್ಕ ಒಂದು, ಎರಡು, ಮೂರು ನಕ್ಷತ್ರಗಳನ್ನು ಹಾಕುತ್ತಿದ್ದರು. ಸಿನಿಮಾಕ್ಕೆ ಇದನ್ನು ತಂದವರು ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆಯ ಐರೀನ್ ಥೈರರ್, 1928ರಲ್ಲಿ.

ಈ ಹಿರಿಯರ ಲೆಕ್ಕದಲ್ಲಿ ಒಂದು ವಿಶೇಷವಿದೆ. ಸ್ಟಾರ್ಕ್, ಬೇಡೆಕರ್, ಮಿಷಲಿನ್, ಓಬ್ರಿಯನ್ ಇವರೆಲ್ಲರಲ್ಲಿ ಒಂದು ಗುರುತು ಸಿಕ್ಕರೂ ಅದು ಗೌರವವೇ. ಗುರುತಿಲ್ಲದ್ದು ಸಾಧಾರಣ, ಅಷ್ಟೇ. ಒಂದು ಎಂಬುದನ್ನು ಕೆಟ್ಟದ್ದಕ್ಕೆ ಮೀಸಲಿಟ್ಟ ಮೇಲೆಯೇ ಅದು ಕಲ್ಲೆಸೆಯುವ ಆಯುಧವಾದದ್ದು. ನನ್ನ ಅಳತೆ ಐದರದ್ದಾದರೂ ಮನಸ್ಸು ಆ ಹಳೆಯ ಪ್ರವಾಸಿಗಳ ಜೊತೆಗಿದೆ: ಈ ಪುಸ್ತಕಕ್ಕಾಗಿ ನಾನು ಎಷ್ಟು ದೂರ ನಡೆದು ಹೋದೇನು?

ಅರ್ಧ ಸ್ಟಾರ್ ಯಾಕೆ ಕೊಡುವುದಿಲ್ಲ?

ಕೊಟ್ಟು ನೋಡಿದ್ದೆ. ಗುಡ್‌ರೀಡ್ಸ್‌ನಂಥದ್ದೇ ಜಾಲತಾಣಗಳ ಪೈಕಿ ಲೈಬ್ರರಿಥಿಂಗ್‌ನಲ್ಲಿ ಅರ್ಧಕ್ಕೆ ಅವಕಾಶವಿದೆ, ಸ್ಟೋರಿಗ್ರಾಫ್‌ನಲ್ಲಿ ಕಾಲು ಸ್ಟಾರ್ ಕೂಡ ಕೊಡಬಹುದು, ಹಾಗೆ ಅಳೆದೂ ಸುರಿದೂ ಕೊಡುವವರ ಬಗ್ಗೆ ನನಗೆ ಗೌರವವಿದೆ. ನನ್ನ ವಿಷಯದಲ್ಲಿ ಮಾತ್ರ ಮೂರೂವರೆ ಎನ್ನುವುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಇದನ್ನು ಇನ್ನೊಬ್ಬರ ಕೈಗೆ ಇಡುತ್ತೇನೋ ಇಲ್ಲವೋ ಎಂದು ನಿರ್ಧರಿಸಬೇಕಾದ ಜಾಗದಲ್ಲಿ ಅರ್ಧ ಹಾಕಿ ಪಾರಾಗುತ್ತಿದ್ದೆ. ಈಗ ಪೂರ್ಣ ಸಂಖ್ಯೆ ಮಾತ್ರ. ಮೂರೋ ನಾಲ್ಕೋ ಎಂದು ತೊಯ್ದಾಡುವ ಆ ಹದಿನೈದು ನಿಮಿಷದಲ್ಲಿ ಪುಸ್ತಕದ ಬಗ್ಗೆ ನನಗೆ ಹೊಳೆಯುವಷ್ಟು ಬೇರೆ ಯಾವಾಗಲೂ ಹೊಳೆಯುವುದಿಲ್ಲ.

ಓದಿ ಮುಗಿಸಿದ ಕೂಡಲೇ ಕೊಡುತ್ತೀರಾ?

ಇಲ್ಲ. ಕನಿಷ್ಠ ಮೂರು ದಿನ ಬಿಡುತ್ತೇನೆ.

ಕೊನೆಯ ಪುಟಗಳಿಗೆ ನಮ್ಮ ನೆನಪಿನ ಮೇಲೆ ಅವುಗಳ ಪಾಲಿಗಿಂತ ಹೆಚ್ಚಿನ ಹಿಡಿತವಿದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರಿಗೆ ಎರಡು ಸಲ ತಣ್ಣೀರಿನಲ್ಲಿ ಕೈ ಅದ್ದಿಸಿದರು. ಒಮ್ಮೆ 14 ಡಿಗ್ರಿ ನೀರಿನಲ್ಲಿ 60 ಸೆಕೆಂಡು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಮತ್ತೂ 30 ಸೆಕೆಂಡು, ಆದರೆ ಆ ಕೊನೆಯ ಭಾಗದಲ್ಲಿ ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸುತ್ತಾ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ಎರಡನೆಯದನ್ನು. ನೋವು ಹೆಚ್ಚು ಹೊತ್ತು ಇದ್ದರೂ ಕೊನೆಯಲ್ಲಿ ಕೊಂಚ ಕಡಿಮೆಯಾಗಿತ್ತು, ನೆನಪಿನಲ್ಲಿ ಉಳಿದದ್ದು ಅದೇ. ಪುಸ್ತಕ ಮುಚ್ಚಿದ ಗಳಿಗೆಯಲ್ಲಿ ನಮಗೆ ಆಗುವುದೂ ಇದೇ. ಮುನ್ನೂರು ಪುಟ ಆಕಳಿಸಿದವರು ಕೊನೆಯ ಹತ್ತು ಪುಟಕ್ಕೆ ಕಣ್ಣೊರೆಸಿಕೊಂಡು ಐದು ಕೊಡುತ್ತಾರೆ. ಮುನ್ನೂರು ಪುಟ ಬೆರಗಿನಿಂದ ಓದಿದವರು ಕೊನೆ ಒಗ್ಗಲಿಲ್ಲವೆಂದು ಎರಡಕ್ಕೆ ಇಳಿಯುತ್ತಾರೆ.

ಹಾಗಾಗಿ ಓದುತ್ತಾ ಹೋದಂತೆ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ಮೊನ್ನೆ ಮುಗಿಸಿದ ಕಾದಂಬರಿಯ ಹಾಳೆ ಹೀಗಿದೆ: "ಪುಟ 22: ಹೆಸರುಗಳು ಕಲಸಿಹೋಗುತ್ತಿವೆ. 63: ಜೋರಾಗಿ ನಕ್ಕೆ. 118: ಎರಡು ದಿನ ಮುಟ್ಟಲಿಲ್ಲ. 121: ಯಾಕೆ ಮುಟ್ಟಲಿಲ್ಲವೋ, ಇಲ್ಲಿಂದ ಓಡುತ್ತಿದೆ. 204: ಅಜ್ಜ ಬಾಗಿಲ ಚಿಲಕ ಹಾಕುವ ಭಾಗ ಮೂರು ಸಲ ಓದಿದೆ. 260: ಕೊನೆಯನ್ನು ಅವಸರದಲ್ಲಿ ಕಟ್ಟಿದ್ದಾರೆ." ಕೊನೆಯ ಪುಟದ ಬೇಸರ ಮಾತ್ರ ತಲೆಯಲ್ಲಿದ್ದಿದ್ದರೆ ಮೂರು ಕೊಡುತ್ತಿದ್ದೆ. ಮೂರು ದಿನ ಕಳೆದು ಹಾಳೆ ತೆರೆದಾಗ ಆ ಚಿಲಕದ ಸದ್ದು ಇನ್ನೂ ಕಿವಿಯಲ್ಲಿತ್ತು. ನಾಲ್ಕು ಕೊಟ್ಟೆ.

ಬೇರೆಯವರು ಎಷ್ಟು ಕೊಟ್ಟಿದ್ದಾರೆ ಎಂದು ಮೊದಲು ನೋಡುತ್ತೀರಾ?

ನೋಡದಿರಲು ಶತಪ್ರಯತ್ನ ಮಾಡುತ್ತೇನೆ. ಒಮ್ಮೆ 4.5 ಎಂದು ಕಣ್ಣಿಗೆ ಬಿದ್ದರೆ ಮುಗಿಯಿತು, ಪುಸ್ತಕ ಹಿಡಿಸದಿದ್ದಾಗ ಕೊರತೆ ನನ್ನಲ್ಲೇ ಇರಬೇಕೆಂದು ಅನಿಸತೊಡಗುತ್ತದೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದಿದೆ. ಸುದ್ದಿಗಳನ್ನು ಹಂಚಿಕೊಳ್ಳುವ ಒಂದು ಜಾಲತಾಣದಲ್ಲಿ ಜನರ ಟಿಪ್ಪಣಿಗಳಲ್ಲಿ ಕೆಲವನ್ನು ಹೇಗೆಂದರೆ ಹಾಗೆ ಆರಿಸಿ, ಸಂಶೋಧಕರು ತಾವೇ ಒಂದೊಂದು ಮೆಚ್ಚುಗೆಯ ಮತ ಹಾಕಿಟ್ಟರು. ಆ ಒಂದೇ ಒಂದು ಮತದ ಬಲದಿಂದ ಅವುಗಳ ಕೊನೆಯ ರೇಟಿಂಗ್ ಸರಾಸರಿ 25% ಮೇಲೇರಿತು. ಒಂದು ಮತಕ್ಕೇ ಇಷ್ಟಾದರೆ ಸಾವಿರಾರು ಸ್ಟಾರ್‌ಗಳ ಎದುರು ಒಬ್ಬ ಓದುಗನ ಗತಿ ಏನು? ನನ್ನದನ್ನು ಬರೆದಿಟ್ಟ ಮೇಲೆ ಉಳಿದವರದನ್ನು ಆಸೆಯಿಂದ ಓದುತ್ತೇನೆ, ಅದರಲ್ಲೂ ನನಗೆ ತೀರಾ ವಿರುದ್ಧವಾದವನ್ನು.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ?

ಸ್ಟಾರ್ ಇಲ್ಲ. ಎಲ್ಲಿಗೆ ಬಿಟ್ಟೆ, ಯಾಕೆ ಬಿಟ್ಟೆ ಎಂದು ಒಂದು ಸಾಲು ಬರೆಯುತ್ತೇನೆ. ಬಿಟ್ಟ ಕಾರಣ ಹಲವು ಸಲ ಪುಸ್ತಕಕ್ಕೆ ಸಂಬಂಧಿಸಿದ್ದೇ ಆಗಿರುವುದಿಲ್ಲ.

ಕವನ ಸಂಕಲನ, ಕಥಾ ಸಂಕಲನಗಳಿಗೆ ಹೇಗೆ? ಒಂದೊಂದಕ್ಕೂ ಕೊಟ್ಟು ಕೂಡಿಸಿ ಭಾಗಿಸುತ್ತೀರಾ?

ಮೊದಮೊದಲು ಹಾಗೇ ಮಾಡುತ್ತಿದ್ದೆ, ತಪ್ಪೆಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಹನ್ನೆರಡು ಕಥೆಗಳ ಒಂದು ಸಂಕಲನದಲ್ಲಿ ಒಂದು ಕಥೆ ನನ್ನನ್ನು ಅಲ್ಲಾಡಿಸಿತ್ತು, ಮೂರು ಚೆನ್ನಾಗಿದ್ದವು, ಎಂಟು ಹೀಗೇ ಬಂದು ಹಾಗೇ ಹೋದವು. ಐದು ಒಂದು, ನಾಲ್ಕು ಮೂರು, ಎರಡು ಎಂಟು, ಒಟ್ಟು 33. ಹನ್ನೆರಡರಿಂದ ಭಾಗಿಸಿದರೆ 2.75. ಆದರೆ ಆ ಒಂದು ಕಥೆಗಾಗಿ ನಾನು ಆ ಪುಸ್ತಕವನ್ನು ಈಗಲೂ ಕೈಗೆಟುಕುವ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ! ಮತ್ತೆ ಮರಳುವ ಪುಸ್ತಕಕ್ಕೆ 2.75 ಎಂದರೆ ಲೆಕ್ಕ ಸರಿಯಿರಬಹುದು, ಸತ್ಯ ಬೇರೆ. ಸಂಕಲನವನ್ನು ನಾನೀಗ ಅದರ ಅತಿ ಎತ್ತರದ ಜಾಗದಿಂದ ನೋಡುತ್ತೇನೆ. ಕವನಗಳ ಮಟ್ಟಿಗಂತೂ ನಾಲ್ಕು ಸಾಲು ನಾಲಿಗೆಯ ಮೇಲೆ ನಿಂತರೆ ಸಾಕು.

ಅನುವಾದವಾದರೆ ಸ್ಟಾರ್ ಯಾರಿಗೆ, ಮೂಲ ಲೇಖಕರಿಗೋ ಅನುವಾದಕರಿಗೋ?

ನನ್ನ ಕೈಯಲ್ಲಿರುವ ಪುಸ್ತಕಕ್ಕೆ, ಅಂದರೆ ಇಬ್ಬರಿಗೂ. ಮೂಲ ಭಾಷೆ ಬಾರದಿದ್ದಾಗ ಯಾವ ತೊಡಕು ಯಾರದ್ದೆಂದು ನಾನು ಊಹಿಸಿ ಹೇಳುವುದಿಲ್ಲ. ಅನುವಾದಕರ ಹೆಸರನ್ನು ಮಾತ್ರ ಎಂದೂ ಬಿಡುವುದಿಲ್ಲ. ನಾನು ಓದಿದ ಒಂದೊಂದು ಪದವನ್ನೂ ಆರಿಸಿಟ್ಟವರು ಅವರು.

ಪುಸ್ತಕ ಒಳ್ಳೆಯದೆಂದು ಗೊತ್ತು, ಆದರೂ ಹಿಡಿಸಲಿಲ್ಲ. ಆಗ?

ಹಿಡಿಸಲಿಲ್ಲ ಎಂಬುದನ್ನೇ ಸ್ಟಾರ್ ಹೇಳಬೇಕು, ಒಳ್ಳೆಯದು ಎಂಬುದನ್ನು ವಾಕ್ಯಗಳು ಹೇಳಬೇಕು. ಎಲ್ಲರೂ ಮಹಾಕೃತಿ ಎಂದು ಕೈಮುಗಿಯುವ ಒಂದು ದೊಡ್ಡ ಕಾದಂಬರಿಗೆ ನಾನು ಹಿಂದೆ ಐದು ಕೊಟ್ಟೆ. ಭಯದಿಂದ ಕೊಟ್ಟದ್ದು. ಎರಡು ಕೊಟ್ಟರೆ ನನ್ನ ಓದಿನ ಬಗ್ಗೆ ಜನ ಏನೆಂದುಕೊಂಡಾರು ಎಂಬ ಅಳುಕು. ಆಮೇಲೆ ಒಬ್ಬ ಓದುಗರು ನನ್ನ ಐದು ನಂಬಿ ಅದನ್ನು ಕೊಂಡು, ನೂರು ಪುಟ ದಾಟಲಾರದೆ, "ಅರ್ಥ ಮಾಡಿಕೊಳ್ಳುವ ಶಕ್ತಿ ನನಗಿಲ್ಲವೇನೋ" ಎಂದು ಬರೆದರು. ಅದನ್ನು ಓದಿ ನನಗಾದ ಸಂಕಟ ಇಷ್ಟೆಂದಲ್ಲ. ನನಗೂ ನೂರು ಪುಟ ದಾಟಲು ಒಂದು ತಿಂಗಳು ಹಿಡಿದಿತ್ತು, ಅದನ್ನು ನಾನು ಹೇಳಿರಲಿಲ್ಲ. ಅಂದಿನಿಂದ ಗುಂಪಿನಲ್ಲಿ ಗೋವಿಂದ ಎನ್ನುವುದನ್ನು ಬಿಟ್ಟಿದ್ದೇನೆ.

ಪರಿಚಿತರ ಪುಸ್ತಕಕ್ಕೆ? ಪ್ರಕಾಶಕರು ಉಚಿತವಾಗಿ ಕಳಿಸಿದ್ದಕ್ಕೆ?

ಆಪ್ತರ ಪುಸ್ತಕಕ್ಕೆ ಸ್ಟಾರ್ ಕೊಡುವುದಿಲ್ಲ. ಬರೆದರೆ, ಅವರು ನನ್ನ ಸ್ನೇಹಿತರು ಎಂದು ಮೊದಲೇ ಹೇಳಿ ಪರಿಚಯ ಬರೆಯುತ್ತೇನೆ. ಮುಖ ನೋಡಿ ಮಣೆ ಹಾಕುತ್ತೇನೆಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು: ಪಕ್ಷಪಾತ ಆಗಬಾರದೆಂದು ಕೈ ಬಿಗಿ ಮಾಡಿ ಅವರಿಗೆ ನ್ಯಾಯವಾಗಿ ಸಲ್ಲಬೇಕಾದ್ದನ್ನೂ ಕಿತ್ತುಕೊಂಡುಬಿಡುತ್ತೇನೆ. ಉಚಿತ ಪ್ರತಿಯಾದರೆ ಉಚಿತವೆಂದು ಬರೆಯುತ್ತೇನೆ, ಸ್ಟಾರ್ ಎಂದಿನಂತೆ. ದಾಕ್ಷಿಣ್ಯಕ್ಕೆ ಕೊಟ್ಟ ಒಂದು ಸ್ಟಾರ್, ಮುಲಾಜಿಲ್ಲದೆ ಕೊಟ್ಟ ನೂರನ್ನೂ ಅನುಮಾನಕ್ಕೆ ತಳ್ಳುತ್ತದೆ.

ಮೊದಲ ಪುಸ್ತಕ ಬರೆದವರಿಗೆ ರಿಯಾಯಿತಿ ಇಲ್ಲವೆ?

ಸ್ಟಾರ್‌ನಲ್ಲಿ ಇಲ್ಲ. ಮಾತಿನಲ್ಲಿ ಇದೆ, ಸಮಯದಲ್ಲಿಯೂ ಇದೆ. ಹೊಸಬರ ಪುಸ್ತಕಕ್ಕೆ ಎರಡು ಕೊಡಬೇಕಾದಾಗ ಇಡೀ ಪುಸ್ತಕವನ್ನು ಇನ್ನೊಮ್ಮೆ ಓದಿ, ಎಲ್ಲಿ ಅವರ ದನಿ ಅವರದ್ದೇ ಆಗಿ ಕೇಳಿಸಿತು ಎಂಬುದನ್ನು ಹುಡುಕಿ ಪುಟದ ಸಮೇತ ಬರೆಯುತ್ತೇನೆ.

ಕೊಟ್ಟ ಸ್ಟಾರ್‌ಗಳನ್ನು ಬದಲಿಸಿದ್ದೀರಾ?

ಅಳಿಸಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಬರೆದಿದ್ದೇನೆ.

ಅಮ್ಮನಿಗೆ ಶಸ್ತ್ರಚಿಕಿತ್ಸೆಯಾದ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಒಂದು ಸಣ್ಣ ಕಾದಂಬರಿ ಓದಿದೆ. ನೂರು ಪುಟವೂ ಇರಲಿಲ್ಲ. ತೀರಿಕೊಂಡ ತಂಗಿಯ ಬಟ್ಟೆಗಳನ್ನು ಅಕ್ಕ ಒಂದೊಂದಾಗಿ ಮಡಿಸಿ ಪೆಟ್ಟಿಗೆಗೆ ಹಾಕುವಳು. ಒಂದು ರವಿಕೆಯ ಗುಂಡಿ ಸಡಿಲವಾಗಿದೆ ಎಂದು ಸೂಜಿ ದಾರ ಹುಡುಕಿ ಹೊಲಿಯಲು ಕೂರುವಳು, ತೊಡುವವರಿಲ್ಲ ಎಂಬುದು ದಾರಕ್ಕೆ ಗಂಟು ಹಾಕುವಾಗ ನೆನಪಾಗುವುದು. ನರ್ಸ್ ಬಂದು "ಎಚ್ಚರವಾಗಿದೆ, ನೋಡಬಹುದು" ಎಂದಾಗ ನಾನು ಬೆರಳನ್ನು ಆ ಪುಟದಲ್ಲೇ ಇಟ್ಟುಕೊಂಡು ಎದ್ದು ಹೋಗಿದ್ದೆ. ಅದಕ್ಕೆ ಐದು ಕೊಟ್ಟೆ. ನಾಲ್ಕು ವರ್ಷದ ಮೇಲೆ, ಮನೆಯಲ್ಲಿ, ನೆಮ್ಮದಿಯ ಒಂದು ಮಧ್ಯಾಹ್ನ ಅದನ್ನೇ ಮತ್ತೆ ಓದಿದೆ. ಗುಂಡಿಯ ಪುಟ ಹಾಗೇ ಇತ್ತು, ಮತ್ತೆ ಗಂಟಲು ಕಟ್ಟಿತು. ಉಳಿದದ್ದು ಸಡಿಲವಾಗಿತ್ತು. ಒಂದೇ ಹೋಲಿಕೆ ಮೂರು ಕಡೆ ಬಂದಿತ್ತು, ಅಣ್ಣನ ಪಾತ್ರ ಕಾಗದದಿಂದ ಏಳಲೇ ಇಲ್ಲ.

ಈಗ ನನ್ನ ಪಟ್ಟಿಯಲ್ಲಿ "ಮೊದಲ ಓದು: 5, ಎರಡನೆಯ ಓದು: 3" ಎಂದು ದಿನಾಂಕದೊಂದಿಗೆ ಎರಡೂ ಇವೆ. ಮೊದಲನೆಯದನ್ನು ಅಳಿಸು ಎಂದು ಕೆಲವರು ಹೇಳಿದರು. ಹೇಗೆ ಅಳಿಸಲಿ? ಆ ರಾತ್ರಿ ನನ್ನನ್ನು ಹಿಡಿದು ಕೂರಿಸಿದ್ದು ಆ ಪುಸ್ತಕವೇ.

ಒಂದು ಸ್ಟಾರ್ ಕೊಡುವುದು ಕ್ರೂರವಲ್ಲವೆ? ಬರೆದವರ ವರ್ಷಗಳ ದುಡಿಮೆ ಅದು.

ಕೊಡುವ ಮುನ್ನ ನನಗೂ ಕೈ ನಡುಗುತ್ತದೆ, ನಡುಗಬೇಕು ಕೂಡ. ಬೇಸರ ಹುಟ್ಟಿಸಿದ ಪುಸ್ತಕಕ್ಕೆ ನಾನು ಒಂದು ಕೊಡುವುದಿಲ್ಲ, ಅದಕ್ಕೆ ಎರಡು ಇದೆ. ಓದುಗರಿಗೆ ಮೋಸ ಮಾಡಿದ ಪುಸ್ತಕಕ್ಕೆ ಕೊಡುತ್ತೇನೆ: ಬೇರೆಯವರದನ್ನು ಎತ್ತಿಕೊಂಡು ತನ್ನದೆಂದದ್ದು, ಕಾಯಿಲೆಯವರಿಗೆ ಸುಳ್ಳು ಭರವಸೆ ಕೊಟ್ಟದ್ದು, ದುರ್ಬಲರ ನೋವನ್ನು ರಂಜನೆಗೆ ಬಳಸಿದ್ದು. ಆಗಲೂ ಪುಸ್ತಕದ ಬಗ್ಗೆ ಬರೆಯುತ್ತೇನೆ, ಬರೆದ ವ್ಯಕ್ತಿಯ ಬಗ್ಗೆ ಒಂದು ಅಕ್ಷರವೂ ಇಲ್ಲ.

ಓದದೆಯೇ ಒಂದು ಸ್ಟಾರ್ ಸುರಿಯುವವರ ಬಗ್ಗೆ?

ಅದು ಅನ್ಯಾಯ. 2023ರ ಜೂನ್‌ನಲ್ಲಿ ಅಮೆರಿಕದ ಪ್ರಸಿದ್ಧ ಲೇಖಕಿಯೊಬ್ಬರ ಕಾದಂಬರಿ ರಷ್ಯಾದಲ್ಲಿ ನಡೆಯುತ್ತದೆ ಎಂಬ ಕಾರಣಕ್ಕೆ ಗುಡ್‌ರೀಡ್ಸ್‌ನಲ್ಲಿ ಒಂದು ಸ್ಟಾರ್‌ಗಳ ಮಳೆ ಸುರಿಯಿತು. ಪುಸ್ತಕ ಆಗ ಅಚ್ಚಾಗಿ ಹೊರಬಂದೇ ಇರಲಿಲ್ಲ. ಅವರು ಅದರ ಪ್ರಕಟಣೆಯನ್ನೇ ತಡೆಹಿಡಿದರು. ಉಕ್ರೇನ್ ಮೇಲೆ ರಷ್ಯಾ ಹೂಡಿದ ಯುದ್ಧದ ನೋವಿನಲ್ಲಿದ್ದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಅದನ್ನು ಹೇಳಲು ಅವರಿಗೆ ಹಕ್ಕೂ ಇದೆ. ಆದರೆ ಓದಿನ ಗುರುತನ್ನು ಓದದೆ ಒತ್ತಿದರೆ ಅದು ಸುಳ್ಳು ಸಾಕ್ಷಿ. ಬಿಡುಗಡೆಗೆ ಮುನ್ನವೇ ಐದೈದು ಒತ್ತುವ ಅಭಿಮಾನಿಗಳಿಗೂ ಇದೇ ಮಾತು.

ಸರಾಸರಿ 4.2 ಇರುವ ಪುಸ್ತಕ 3.6 ಇರುವುದಕ್ಕಿಂತ ಒಳ್ಳೆಯದೆ?

ಹಾಗೆಂದು ಹೇಳಲಾಗದು. ಹತ್ತು ಓದುಗರು ಮೂರು ಮೂರು ಕೊಟ್ಟರೂ ಸರಾಸರಿ ಮೂರು. ಐವರು ಐದು, ಐವರು ಒಂದು ಕೊಟ್ಟರೂ ಮೂರೇ. ಮೊದಲನೆಯದು ಯಾರಿಗೂ ಬೇಸರ ಮಾಡದ ಪುಸ್ತಕ. ಎರಡನೆಯದು ಮನೆಮನೆಯಲ್ಲಿ ಜಗಳ ಹಚ್ಚಿದ ಪುಸ್ತಕ, ನಾನು ಕೈಚಾಚುವುದು ಅದಕ್ಕೇ. ಸರಾಸರಿ ಬಿಟ್ಟು ಅದರ ಕೆಳಗಿರುವ ಪಟ್ಟಿಗಳ ಉದ್ದ ನೋಡಿ. ಯಾವ ಸ್ಟಾರ್‌ಗೆ ಎಷ್ಟು ಜನ ಎಂಬುದು ಅಲ್ಲಿರುತ್ತದೆ.

ಇನ್ನೂ ಒಂದು. ರೇಟಿಂಗ್ ಕೊಡಲು ಕೂರುವವರೇ ಒಂದು ಬಗೆಯ ಜನ. ತುಂಬಾ ಮೆಚ್ಚಿದವರು, ತುಂಬಾ ಸಿಟ್ಟಾದವರು ಬರೆಯುತ್ತಾರೆ, ನಡುವಿನವರು ಪುಸ್ತಕವನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಾರೆ. ಅಮೆಜಾನ್‌ನ ರೇಟಿಂಗ್‌ಗಳನ್ನು ಪರಿಶೀಲಿಸಿದ ಸಂಶೋಧಕರು 2009ರಲ್ಲಿ ತೋರಿಸಿದ್ದೂ ಇದನ್ನೇ: ಐದರ ಕಡೆ ದೊಡ್ಡ ಗುಡ್ಡ, ಒಂದರ ಕಡೆ ಸಣ್ಣ ದಿಬ್ಬ, ನಡುವೆ ತಗ್ಗು. ಪ್ರಶಸ್ತಿಗಳದ್ದು ಇನ್ನೂ ವಿಚಿತ್ರ. ಪ್ರಶಸ್ತಿ ಗೆದ್ದ ಪುಸ್ತಕಗಳನ್ನೂ ಕೊನೆಯ ಸುತ್ತಿಗೆ ಬಂದು ಸೋತ ಪುಸ್ತಕಗಳನ್ನೂ ಹೋಲಿಸಿದ 2014ರ ಅಧ್ಯಯನದ ಪ್ರಕಾರ, ಗೆದ್ದವುಗಳ ರೇಟಿಂಗ್ ಪ್ರಶಸ್ತಿಯ ನಂತರ ಇಳಿಯುತ್ತದೆ. ಪುಸ್ತಕದಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ. ಪ್ರಶಸ್ತಿಯ ಹೆಸರು ಕೇಳಿ, ತಮ್ಮ ಅಭಿರುಚಿಗೆ ದೂರವಾದ ಓದುಗರೂ ಅದನ್ನು ಕೈಗೆತ್ತಿಕೊಂಡಿರುತ್ತಾರೆ.

ಅಚ್ಚಿನ ತಪ್ಪು, ಬೈಂಡಿಂಗ್, ಬೆಲೆ?

ಸ್ಟಾರ್‌ಗೆ ಸೇರಿಸುವುದಿಲ್ಲ. ಬರೆದವರು ಪುಸ್ತಕ ಹೊಲಿದವರಲ್ಲ. ಅಕ್ಷರ ಓದಲಾಗದಷ್ಟು ಸಣ್ಣದಿದ್ದರೆ ಕೊನೆಯಲ್ಲಿ ಒಂದು ಸಾಲು ಎಚ್ಚರಿಕೆ.

ನಾನೂ ನನ್ನ ಓದಿಗೆ ಸ್ಟಾರ್ ಕೊಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಈಗಾಗಲೇ ಓದಿರುವ ಇಪ್ಪತ್ತು ಪುಸ್ತಕಗಳ ಹೆಸರು ಬರೆಯಿರಿ. ಐದರಿಂದಲೂ ಒಂದರಿಂದಲೂ ಶುರು ಮಾಡಬೇಡಿ. "ಓದಿದ್ದು ಒಳ್ಳೆಯದಾಯಿತು" ಎನಿಸುವ ಪುಸ್ತಕವನ್ನು ಮೊದಲು ಗುರುತಿಸಿ, ಅದೇ ನಿಮ್ಮ ಮೂರು. ಉಳಿದವನ್ನು ಅದರ ಎದುರು ಹಿಡಿದು ನೋಡಿ, ತಾವಾಗಿಯೇ ಮೇಲೆ ಕೆಳಗೆ ಸರಿಯುತ್ತವೆ. ಆಮೇಲೆ ಪ್ರತಿ ಅಂಕಿಯ ಅರ್ಥವನ್ನು ನಿಮ್ಮ ಮಾತಿನಲ್ಲೇ ಬರೆದಿಡಿ. ನನ್ನ ಮಾತು ಬೇಡ. ನಿಮಗೆ ಮತ್ತೆ ಓದುವ ಅಭ್ಯಾಸವೇ ಇಲ್ಲದಿದ್ದರೆ "ಮತ್ತೆ ಮರಳುತ್ತೇನೆ" ಎನ್ನುವ ನನ್ನ ಐದು ನಿಮಗೆ ಕೆಲಸಕ್ಕೆ ಬಾರದು.

ನನ್ನ ಪುಸ್ತಕಕ್ಕೆ ಕೊಟ್ಟ ಎರಡು ಸ್ಟಾರ್ ತೆಗೆಯುತ್ತೀರಾ?

ತೆಗೆಯುವುದಿಲ್ಲ. ಆದರೆ ನಾನು ಬರೆದದ್ದರಲ್ಲಿ ತಪ್ಪಿದ್ದರೆ ಖಂಡಿತ ತಿದ್ದುತ್ತೇನೆ. ಒಬ್ಬ ಕಾದಂಬರಿಕಾರರ ಬಗ್ಗೆ ಬರೆಯುತ್ತಾ, ಕಥೆಯ ನಡುವೆ ಮಾಯವಾಗುವ ಹುಡುಗ ಏನಾದನೆಂದು ಅವರು ಹೇಳುವುದೇ ಇಲ್ಲ ಎಂದಿದ್ದೆ. ಅವರು ಸಿಟ್ಟಾಗದೆ ಎರಡೇ ಸಾಲು ಬರೆದರು: "ಪುಟ 231, ಮೇಲಿನಿಂದ ಮೂರನೆಯ ಪ್ಯಾರಾ." ತೆಗೆದು ನೋಡಿದೆ. ದೋಣಿಯವನೊಬ್ಬನ ಮಾತಿನಲ್ಲಿ ಆ ಹುಡುಗನ ಗತಿ ಸ್ಪಷ್ಟವಾಗಿ ಇತ್ತು, ನಾನು ಓಡಿಸಿಕೊಂಡು ಓದಿದ್ದೆ. ಅಂದೇ ವಾಕ್ಯವನ್ನು ತಿದ್ದಿದೆ, ತಿದ್ದಿದ ದಿನಾಂಕ ಹಾಕಿದೆ, ಅವರಲ್ಲಿ ಕ್ಷಮೆ ಕೇಳಿದೆ. ಇಡೀ ಪುಸ್ತಕವನ್ನು ಮತ್ತೊಮ್ಮೆ ಓದಿದೆ ಕೂಡ. ಸ್ಟಾರ್ ಎರಡರಲ್ಲೇ ಉಳಿಯಿತು, ಯಾಕೆ ಉಳಿಯಿತೆಂದು ಅವರಿಗೂ ಬರೆದು ತಿಳಿಸಿದೆ. ನನಗೆ ಬರೆಯುವಾಗ ನೀವೂ ಪುಟಸಂಖ್ಯೆ ಕೊಡಿ. ಆ ಪುಟವನ್ನು ತೆಗೆದು ಓದಿಯೇ ಉತ್ತರಿಸುತ್ತೇನೆ.